ಸಡಿಲ ಸ್ಪ್ರಿಂಗು

ಮಾರ್ಚ್ 3, ಸೋಮವಾರ
ಬೆಳಗ್ಗೆಯಿಂದ ಪಿಯಾನೊ ಸುತ್ತಿಗೆಗಳಿಗೆ ಅಂಟಿಸುವ ಫೆಲ್ಟು ಬಟ್ಟೆ ಕತ್ತರಿಸಿದೆ. ಬೆರಳಿಗೆಲ್ಲ ಗೋಂದು. ಮಧ್ಯಾಹ್ನ ನಾಲ್ವರು ದೊಡ್ಡ ಪಿಯಾನೊ ಹೊತ್ತು ತಂದರು. ಸಂಗೀತದ ಟೀಚರಮ್ಮನದು. ಸೋದರಮಾವ ಮುಚ್ಚಳ ತೆಗೆದು ಇಣುಕಿದ.
"ಒಳಗೆ ಇಲಿ ಸಂಸಾರ ಹೂಡಿದೆ ಕಣೇ. ಎರಡು ವಾರದಲ್ಲಿ ಕೊಡ್ಬೇಕು."
ಮಾವನ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಾವಿಬ್ಬರೇ.
ಇದರಲ್ಲಾದರೆ ನಾನು ಎರಡು ವರ್ಷದಿಂದ ಮುಂದೂಡುತ್ತಿರುವ ಆ ಪೀಸು ನುಡಿಸಬಹುದು... ಬರೆದು, ಆ ಸಾಲಿಗೆ ಗೀಟು ಎಳೆದೆ.

ಮಾರ್ಚ್ 5
ಆ ಪೀಸಿನಲ್ಲಿ ಒಂದೇ ಕೀಯನ್ನು ಮೂರು ಬೆರಳು ಬದಲಿಸಿ ಬದಲಿಸಿ ಬಡಿಯಬೇಕು, ಮರಕುಟಿಗದ ಹಾಗೆ. ಎರಡು ಪುಟ! ನಮ್ಮ ಮನೆಯ ಹಳೆಯ ಪಿಯಾನೊದಲ್ಲಿ ಆಗದು. ಒಳಗೆ ತಂತಿಗೆ ಒಂದು ಏಟು ಹೊಡೆದ ಸುತ್ತಿಗೆ ಅಷ್ಟು ಬೇಗ ಇನ್ನೊಂದಕ್ಕೆ ಸಿದ್ಧವಾಗುವುದಿಲ್ಲ. ಎರಡು ವರ್ಷದಿಂದ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಮಾವನಿಗೆ, ಅತ್ತೆಗೆ. ನನಗೂ.
ಊಟಕ್ಕೆ ಕೂತಾಗ ಮಾವ ಹೇಳಿದ, "ರೆಡಿ ಆದ್ಮೇಲೆ ಟೀಚರಮ್ಮನಿಗೆ ನಿನ್ನ ಪೀಸು ಕೇಳಿಸು. ಮೆಚ್ಚಿದ್ರೆ ಪಾಠ ಹೇಳ್ಕೊಡ್ತಾರೇನೋ."
"ಗಿರಾಕಿ ಬಂದ್ರೆ ಬೀರು ಹಿಂದೆ ಅವಿತ್ಕೊಳ್ಳೋಳು," ಅತ್ತೆ ನಕ್ಕಳು. "ಇವಳು ಕೇಳಿಸ್ತಾಳಂತೆ!"
ನಾನೂ ನಕ್ಕೆ.

ಮಾರ್ಚ್ 13
ಸುತ್ತಿಗೆಗಳನ್ನು ಮುಂದಿನ ಏಟಿಗೆ ಎತ್ತಿ ಹಿಡಿಯುವ ಸ್ಪ್ರಿಂಗುಗಳನ್ನೆಲ್ಲ ಬಿಗಿ ಮಾಡಿದೆ. ಒಂದನ್ನು ಬಿಟ್ಟೆ. ಪೀಸಿನಲ್ಲಿ ಬಡಿಯಬೇಕಾದ ಅದೇ ಕೀಯದು. ಬೇಕೆಂದೇ.
ಮಾವ ನಿಧಾನವಾಗಿ ನುಡಿಸಿ ನೋಡುವವನು. ಗೊತ್ತಾಗಲಿಲ್ಲ. "ಜೇನು ಕಣೇ, ಜೇನು!" ಎಂದ.
ಅವನು ಹೋದ ಮೇಲೆ ಪೀಸು ಹಿಡಿದೆ. ಕೀ ತಡವರಿಸಿತು. ಅಬ್ಬಾ... ನನ್ನ ತಪ್ಪಲ್ಲ.

ಮಾರ್ಚ್ 16, ಭಾನುವಾರ
ನಾಳೆ ಟೀಚರಮ್ಮ ಬರುತ್ತಾರೆ. ಅವರು ವೇಗವಾಗಿ ನುಡಿಸಿದರೆ ಸಡಿಲ ಸ್ಪ್ರಿಂಗು ಸಿಕ್ಕಿಬೀಳುತ್ತದೆ. ಮಾವನ ಹೆಸರು ಮಣ್ಣುಪಾಲು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಸ್ವರ ಓದಲು ಕಲಿಸಿದವನು ಅವನು.
ಸರಿ ಮಾಡಲೇಬೇಕು. ಮಾಡಿದರೆ ಗೊತ್ತಾಗಿಬಿಡುತ್ತದೆ — ಆಗದೇ ಇರುವುದು ಪಿಯಾನೊಗೋ, ನನಗೋ.

ಮಾರ್ಚ್ 17, ಬೆಳಗ್ಗೆ ಹತ್ತು
ಬಿಗಿ ಮಾಡಿದೆ. ಒಂದು ಚೂರು ತಿರುಗಿಸಿದರೆ ಸಾಕಿತ್ತು.
ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕುಳಿತೆ. ಮೊದಲ ಸಾಲು ಬಂತು. ಎರಡನೆಯದರಲ್ಲಿ ಬೆರಳುಗಳು ಒಂದರ ಮೇಲೊಂದು ಬಿದ್ದವು. ಮತ್ತೆ ನುಡಿಸಿದೆ. ಮತ್ತೆ ಅಲ್ಲೇ. ಸುತ್ತಿಗೆ ಪ್ರತಿ ಸಲವೂ ಸಿದ್ಧವಾಗಿ ನನಗಾಗಿ ಕಾಯುತ್ತಿತ್ತು.
ಬಾಗಿಲಲ್ಲಿ ಮಾವನ ದನಿ ಕೇಳಿತು: "ಬನ್ನಿ ಮೇಡಂ, ನಮ್ಮ ಹುಡುಗಿ ನುಡಿಸಿ ತೋರಿಸ್ತಾಳೆ."
ಬೀರುವಿನ ಹಿಂದೆ ಕೂತು ಬರೆಯುತ್ತಿದ್ದೇನೆ.
ಕರೆದ. ಮತ್ತೆ ಕರೆದ. "ಇಲ್ಲೇ ಇದ್ಲಲ್ಲ, ಎಲ್ಲಿ ಮಾಯವಾದ್ಲು!"
ಟೀಚರಮ್ಮ ತಾವೇ ಕುಳಿತರು. ಒಂದೊಂದೇ ಕೀಯನ್ನು ಚಕಚಕನೆ ಬಡಿದು ನೋಡುತ್ತಿದ್ದಾರೆ. ಈಗ ಅದೇ ಕೀ. ಎಷ್ಟು ಸಲೀಸು... ಒಂದೂ ತಪ್ಪದೆ...
"ಯಾರು ಮಾಡಿದ್ದು ಇದನ್ನ?"
ಮಾವ ಉಬ್ಬಿ ಹೇಳುತ್ತಿದ್ದಾನೆ, ಸ್ಪ್ರಿಂಗೆಲ್ಲ ಅವಳೇ ಬಿಗಿ ಮಾಡಿದ್ದು, ಅವಳೇ—