ಮಾತ್ರೆ ನುಂಗಿದವಳ ಎದೆಹಾಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಎದೆಹಾಲು ವಿಷವೆಂದು ಸಾರಿದವರು ನಿಮ್ಮ ಕೈಕೆಳಗಿನ ಆಸ್ಪತ್ರೆಯವರು. ಅದೂ ಲಸಿಕೆಯ ಸಾಲಿನಲ್ಲಿ, ನಮ್ಮ ಹೆಮ್ಮಿಗೆಯ ಹೆಂಗಸರೆಲ್ಲರ ಎದುರು. ಆದ್ದರಿಂದ ನಾನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಗಳು ಹುಟ್ಟಿದಾಗ ಮನೆ ತುಂಬ ಜನ. ಬಂದವರೆಲ್ಲ ಮಗುವನ್ನು ನೋಡಿದರು, ನನ್ನನ್ನು ನೋಡಿದವರಿಲ್ಲ. ಅನ್ನ ಸೇರದು, ಮಗು ಮಲಗಿದರೂ ನಿದ್ದೆ ಬಾರದು. ಇವಳಿಗೆ ನನಗಿಂತ ಒಳ್ಳೆಯ ತಾಯಿ ಸಿಗಬೇಕಿತ್ತು ಎಂಬುದೊಂದೇ ಯೋಚನೆ. ಗಂಡ ಕುಮಾರ ಮೈಸೂರಿನ ಮನೋವೈದ್ಯೆಯ ಬಳಿ ಕರೆದೊಯ್ದರು. ಬಾಣಂತಿಯರಿಗೆ ಬರುವ ಖಿನ್ನತೆ ಇದು ಎಂದ ಅವರು, ಹಾಲೂಡಿಸುವವಳೆಂದು ತಿಳಿದೇ ಮಾತ್ರೆ ಆರಿಸಿ ಕೊಟ್ಟರು. ಮೆಲ್ಲಗೆ ಹಸಿವು ಮರಳಿತು. ಒಂದು ಬೆಳಗ್ಗೆ ಮಗಳಿಗೆ ಎಣ್ಣೆ ಹಚ್ಚುತ್ತಾ ಹಾಡು ಗುನುಗುತ್ತಿದ್ದೆ.

ಆಮೇಲೆ ಬಂತು ಲಸಿಕೆಯ ದಿನ. ಯಾವ ಮಾತ್ರೆ ನುಂಗುತ್ತಿದ್ದೇನೆಂದು ನಾನು ಹೇಳಿದ್ದೇ ತಡ, ನಿಮ್ಮ ಡ್ಯೂಟಿ ಡಾಕ್ಟರು ದನಿ ಏರಿಸಿದರು: “ತಲೆ ಕೆಟ್ಟೋರ ಮಾತ್ರೆ ನುಂಗಿ ಮಗೂಗೆ ಹಾಲು ಕೊಡ್ತಿದ್ದೀಯಾ? ವಿಷ ಕಣಮ್ಮ ಅದು!” ಬರೆದುಕೊಟ್ಟ ವೈದ್ಯೆಗೆ ಒಂದು ಫೋನ್ ಮಾಡಲು ಅವರಿಗೆ ಬಿಡುವಿರಲಿಲ್ಲ, ಕೂಗಲು ಧಾರಾಳವಾಗಿತ್ತು.

ನಾನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ವಿಷದ ಹಾಲಿನ ಸುದ್ದಿ ಆಗಲೇ ಊರು ಸೇರಿತ್ತು. ಬಾಣಂತಿಯನ್ನು ನೋಡಲು ಬರುತ್ತಿದ್ದವರೂ ಬರುವುದು ಬಿಟ್ಟರು. ಮನಸ್ಸು ಮತ್ತೆ ಕುಸಿಯಿತು. ಒಂದು ಮಧ್ಯಾಹ್ನ ಮಗಳನ್ನು ಪಕ್ಕದ ಮನೆಯ ಸಾಕಮ್ಮನ ಮಡಿಲಿಗೆ ಹಾಕಿ ನಾಲೆಯ ಕಡೆ ನಡೆದೆ. ಅತ್ತೆ ರಾಚಮ್ಮ ಏರಿಯ ಮೇಲೆ ಓಡಿಬಂದು ಸೆರಗು ಹಿಡಿದರು.

“ಎಲ್ಲಿಗ್ ಓಯ್ತಿದ್ದೀಯವ್ವ?”

“ಅವ್ಳಿಗೆ ನಾನ್ ಬ್ಯಾಡ ಕಣತ್ತೆ.”

“ನಂಗ್ ಬೇಕು ಕಣವ್ವ. ನಡಿ, ಮೈಸೂರ್ಗೆ ಓಗವ.”

ವೈದ್ಯೆ ಬೈಯಲಿಲ್ಲ. “ಈ ಮಾತ್ರೆ ಹಾಲಿಗೆ ಸೇರೋದು ತುಂಬ ಕಡಿಮೆ. ಹಾಲೂ ಕೊಡಿ, ಮಾತ್ರೆನೂ ತಗೊಳ್ಳಿ. ಮಗೂನ ನಾವು ಗಮನಿಸ್ತಾ ಇರ್ತೀವಿ. ನೀವಾಗೇ ನಿಲ್ಲಿಸ್ಬೇಡಿ,” ಎಂದರು. ಈಗ ಎರಡೂ ನಡೆಯುತ್ತಿವೆ. ಮಗಳು ಮೈ ತುಂಬಿಕೊಂಡಿದ್ದಾಳೆ. ಆದರೂ ಅವಳನ್ನು ಎತ್ತಿಕೊಂಡವರು ಅವಳ ಕಣ್ಣಲ್ಲಿ ಆ ವಿಷದ ಗುರುತು ಹುಡುಕುತ್ತಾರೆ. ನನ್ನೊಡನೆ ಮಾತು ಮಾತ್ರ ಆಡುವುದಿಲ್ಲ.

ಸ್ವಾಮಿ, ಆವತ್ತು ಅತ್ತೆ ಬರದೇ ಹೋಗಿದ್ದರೆ ನನ್ನ ಮಗಳಿಗೆ ಯಾವ ಹಾಲು ಕುಡಿಸುವುದೆಂದು ನಿಮ್ಮ ಇಲಾಖೆ ಹೇಳುತ್ತಿತ್ತು? ಬಾಣಂತಿಯೊಡನೆ ಮಾತಾಡಲು ಬಾಗಿಲಿರುವ ಒಂದು ಕೋಣೆ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿರುವವರಲ್ಲಿ ಕೇಳಿ ಹೇಳುವಂತೆ ನಿಮ್ಮವರಿಗೆ ಆದೇಶಿಸಿ. ಆವತ್ತು ಆಡಿದ್ದು ತಪ್ಪು ಮಾತೆಂದು, ಅದನ್ನು ಕೇಳಿಸಿಕೊಂಡವರೆದುರು ಅಷ್ಟೇ ಗಟ್ಟಿಯಾಗಿ ಹೇಳಿಸಿ. ಮುಂದಿನ ಲಸಿಕೆಗೆ ಬರುತ್ತೇನೆ, ಪಕ್ಕದಲ್ಲಿ ಯಾರೂ ನಿಲ್ಲದಿದ್ದರೂ.

ಇಂತಿ,
ಇನ್ನೂ ಬದುಕಿರುವ ಒಬ್ಬ ಬಾಣಂತಿ,
ವನಿತಾ, ಹೆಮ್ಮಿಗೆ