ತಲಾದಾಯ ಏರಿದ ಊರು

ನೆವೆನಾ,

ನೀನು ಓದುವುದಿಲ್ಲವೆಂದು ಗೊತ್ತಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ನನ್ನ ವಿದ್ಯಾರ್ಥಿನಿ ಜೋರ್ನಿತ್ಸಾ ಅಂತರ್ಜಾಲದ ವಿಶ್ವಕೋಶಕ್ಕೆ ಬರೆದ ಲೇಖನವನ್ನು ತಿದ್ದಿದೆ. ಬಲ್ಗೇರಿಯಾದ ಪ್ರಾಂತ್ಯಗಳ ಆದಾಯದ ಅಂತರ ಅದರ ವಿಷಯ. ರಾಜಧಾನಿ ಸೋಫಿಯಾ ಎಲ್ಲಿ, ಡ್ಯಾನ್ಯೂಬ್ ದಡದ ನಾವೆಲ್ಲಿ! ಆದರೂ ನಮ್ಮ ಜಿಲ್ಲೆಯ ತಲಾದಾಯ ಹತ್ತು ವರ್ಷದಲ್ಲಿ ಏರಿದೆ ಎಂದು ಹೆಮ್ಮೆಯಿಂದ ಬರೆದಿದ್ದಳು.

“ಗಂಟು ಬೆಳೆದಿಲ್ಲ ಕಣಮ್ಮ, ಹಂಚಿಕೊಳ್ಳೋಕೆ ಜನ ಉಳಿದಿಲ್ಲ. ಅದನ್ನೂ ಬರಿ,” ಎಂದೆ.

“ಅಂದ್ರೆ ನಾನೂ ಸ್ಪೇನಿಗೆ ಹೋದ್ರೆ ನೀವು ಇನ್ನಷ್ಟು ಶ್ರೀಮಂತರಾಗ್ತೀರಾ ಮೇಷ್ಟ್ರೇ?”

ನಕ್ಕೆ. ನೀನು ಹೊರಟ ವರ್ಷವೂ ನಾನು ಸ್ವಲ್ಪ ಶ್ರೀಮಂತನಾಗಿರಬೇಕು.

ಅವಳು ಅಲ್ಲೇ ಕುಳಿತು ಒಂದು ವಾಕ್ಯ ಸೇರಿಸಿದಳು: ‘ಕೆಲಸ ಸಿಗದೆ ಜನ ಊರು ಬಿಟ್ಟರು.’ ಪಕ್ಕದಲ್ಲಿ ನಾನು ಅಭ್ಯಾಸದಂತೆ ಬರೆದೆ: ‘ಆಧಾರ ಎಲ್ಲಿ?’

“ಇನ್ಯಾಕೆ ಹೋಗ್ತಾರೆ ಮೇಷ್ಟ್ರೇ, ಹವಾ ಬದಲಾವಣೆಗಾ?”

“ಊಹೆ ನಡೆಯಲ್ಲ. ಹೋದವರನ್ನ ಯಾರಾದ್ರೂ ಕೇಳಿರಬೇಕು, ಅದು ಅಚ್ಚಾಗಿರಬೇಕು.”

“ನಿಮಗೆ ಗೊತ್ತಿರೋರೇ ಎಷ್ಟೋ ಜನ ಹೋಗಿದಾರೆ. ನೀವು ಒಬ್ಬರನ್ನಾದ್ರೂ ಕೇಳಿಲ್ವಾ?”

ಕೇಳಿರಲಿಲ್ಲ ನೆವೆನಾ. ನೀನು ಟಿಕೆಟ್ಟು ತಂದು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ನಿಂತಿದ್ದಾಗ, ಬಸ್ಸು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದೆ.

ಜೋರ್ನಿತ್ಸಾಳ ಮುಖ ಸಪ್ಪಗಾದರೂ ಆ ವಾಕ್ಯವನ್ನು ಹೊಡೆದುಹಾಕಿಸಿದೆ. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. ನಿನಗೆ ಇಲ್ಲೇ, ಊರಿನ ಗ್ರಂಥಾಲಯದಲ್ಲಿ, ಕಾಯಂ ಕೆಲಸವಿತ್ತು.