ಬಣವಿ ಅಲ್ಲ, ಗಾಡಿ

ಗಂಗಾವತಿ
೧೪ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ಮಗಳು ಸುರೇಖಾಳಿಗೆ ಅಪ್ಪನ ಆಶೀರ್ವಾದ.

ಹುಬ್ಬಳ್ಳಿಯ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು ತಾಯಿ, ಆ ಕಂಪ್ಯೂಟರ್ ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನ ಅವ್ವ ಆರಾಮ ಇದ್ದಾಳೆ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ.

ಮೊನ್ನೆ ಗುರುವಾರದ ಸುದ್ದಿ ಕೇಳು. ಗಿಣಿಗೇರಾ ಕಡೆಯ ಫ್ಯಾಕ್ಟರಿಯ ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಬಸ್ಸಿನಲ್ಲಿ ಕರೆತರುತ್ತಿದ್ದೆ. ನಲವತ್ತು ಜನ, ಎಲ್ಲರೂ ತೂಕಡಿಸುತ್ತಿದ್ದರು. ಊರೊಳಗೆ ಬರುವಾಗ ಎಳೆಬಿಸಿಲು ನೇರ ಮುಖಕ್ಕೆ. ಎದುರಿಗೆ ಗಾಡಿ ಬಂದರೆ ಎಚ್ಚರಿಸಲೆಂದು ಕನ್ನಡಿಯ ಹತ್ತಿರ ಹೊಸದಾಗಿ ಹಚ್ಚಿದ ಕ್ಯಾಮೆರಾ ಒಮ್ಮೆಲೇ ಕುಂಯ್ ಕುಂಯ್ ಎಂದು ಬಡಕೊಂಡಿತು. ಗಪ್ಪನೆ ಬ್ರೇಕ್ ಒತ್ತಿದೆ. ಎದುರಿಗೆ ಎರಡೇ ಮೊಳ ದೂರದಲ್ಲಿ, ನಟ್ಟನಡು ರಸ್ತೆಯಲ್ಲಿ ಕೆಟ್ಟು ನಿಂತ ನೆಲ್ಲುಹುಲ್ಲಿನ ಟ್ರ್ಯಾಕ್ಟರ್! ಹುಲ್ಲಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಹಿಂದಿನ ಸೀಟಿನ ದುರುಗೇಶ "ದೇವರು ದೊಡ್ಡಾಂವ ಬಿಡ್ರಿ ಕಾಕಾ" ಅಂದ. ದೇವರು ದೊಡ್ಡವನೇ, ಆದರೆ ನನಗೆ ನೆನಪಾದವಳು ನೀನು.

ಹೋದ ವರ್ಷ ನೀನು ಫೋನ್ ಮಾಡಿ, ನಿನ್ನ ಕೆಲಸ ಏನೆಂದು ಹೇಳುತ್ತ "ಅಪ್ಪಾ, ಫೋಟೋದಾಗ ಗಾಡಿ ಎಲ್ಲೆಲ್ಲಿ ಅದಾವೋ ಅವಕ್ಕೆಲ್ಲ ಸುತ್ತ ಡಬ್ಬಿ ಬರೀಬೇಕು, ಅದನ್ನ ನೋಡಿ ಕ್ಯಾಮೆರಾ ಕಲೀತೈತಿ" ಅಂದಿದ್ದೆ. ಇಂಥದೇ ಟ್ರ್ಯಾಕ್ಟರಿನ ಫೋಟೋ ನೋಡಿ, ನಮ್ಮ ಕಡೆ ಎಂದೂ ಬಾರದ ನಿನ್ನ ಸಾಹೇಬರು "ಇದು ಹುಲ್ಲಿನ ಬಣವೆ, ಬಿಟ್ಟುಬಿಡಿ" ಅಂದಿದ್ದರಂತೆ. ಹಿಂದಿನಿಂದ ಗಾಲಿಯೂ ಕಾಣುವುದಿಲ್ಲವಲ್ಲ! "ಬಣವಿ ರಸ್ತೇದಾಗ ಯಾಕ ನಿಂದರತೈತ್ರಿ? ಇದು ಗಾಡಿ" ಎಂದು ನೀನು ಜಗಳಾಡಿ, ಬಿಟ್ಟಿದ್ದ ಅಂಥ ಫೋಟೋಗಳನ್ನೆಲ್ಲ ಮತ್ತೆ ತೆರೆಸಿ ಡಬ್ಬಿ ಬರೆದೆ. ನಾನೋ, "ಬಿ.ಎ. ಓದಿಸಿದ್ದು ಡಬ್ಬಿ ಬರಿಯಾಕೇನು?" ಅಂದಿದ್ದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ನನ್ನ ಬಸ್ಸಿನ ಕ್ಯಾಮೆರಾ ಕಲಿತದ್ದು ನಿನ್ನ ಡಬ್ಬಿಗಳಿಂದಲೋ ಬೇರೆಯವರವುಗಳಿಂದಲೋ ಗೊತ್ತಿಲ್ಲ. ನನ್ನ ಮಟ್ಟಿಗೆ ನಿನ್ನವೇ. ಆ ನಲವತ್ತು ಮನೆಯವರ ಪುಣ್ಯ ನಿನಗಿರಲಿ ಮಗಳೇ.

ಮೂವತ್ತೊಂದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವನೆಂದು ಮ್ಯಾನೇಜರ್ ಪ್ರಭುರಾಜರು ಬೆನ್ನು ತಟ್ಟಿದರು. ಸೋಮವಾರದಿಂದ ಹೊಸ ಬಸ್ಸೂ ನನಗೇ ಅಂತೆ.

ನಿನ್ನ ಕೈಗೆ ಇನ್ನಷ್ಟು ಬಲ ಬರಲಿ. ರೂಮಿನ ಗೆಳತಿ ಮೆಹಜಬೀನಳನ್ನೂ ಕೇಳಿದೆನೆಂದು ಹೇಳು.

ನಿನ್ನ ಅಪ್ಪ,
ಅಮರಪ್ಪ

ತಾ.ಕ.: ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಬಿಸಿಲು ಕಣ್ಣಿಗೆ ಹೊಡೆದು ಟ್ರ್ಯಾಕ್ಟರ್ ಕಾಣಲಿಲ್ಲವೆಂದು ನಿನ್ನ ಅವ್ವನಿಗೆ ಹೇಳಿದ್ದೇನೆ, ಅದು ಸುಳ್ಳು. ದೀಪಾವಳಿಯಿಂದಲೇ ಎರಡೂ ಕಣ್ಣಿಗೆ ಪೊರೆ ಬಂದಿದೆ, ಕೆಲಸ ಹೋದೀತೆಂದು ಮುಚ್ಚಿಟ್ಟಿದ್ದೆ. ಮೊನ್ನೆ ಕೆಳಗಿಳಿದು ಹುಲ್ಲು ಕೈಗೆ ತಾಗುವವರೆಗೂ ಎದುರಿಗಿರುವುದು ಏನೆಂದು ನನಗೆ ತಿಳಿಯಲಿಲ್ಲ. ಈಗಷ್ಟೇ ಪ್ರಭುರಾಜರ ಮನೆಗೆ ಹೋಗಿ, ನಿಜ ಹೇಳಿ, ಬಸ್ಸಿನ ಕೀಲಿ ಕೊಟ್ಟು ಬಂದೆ. ಮುಂದಿನ ವಾರ ಬಂದು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗು. ಅವ್ವನಿಗೂ ನೀನೇ ಹೇಳು, ನನಗೆ ಧೈರ್ಯ ಸಾಲದು.